ಹೊಳಿ ನೋಡಾಕ ರೊಕ್ಕ ಯಾಕ? ಹಾಂಗ್‌ಕಾಂಗ್‌ನ ಡಿಮ್ ಸಮ್ ಮೇಜಿನಿಂದ ವಿರುಪಾಪುರ ಗಡ್ಡಿವರೆಗೆ

ಹಾಂಗ್‌ಕಾಂಗ್‌ನ ಮಾಕ್ ಕ್ವಾಯ್ ಪುಯ್ ಎಂಬ ಬಾಣಸಿಗರ ಕತೆಯಿಂದ ಶುರು ಮಾಡೋಣ. ಅವರು ಫೋರ್ ಸೀಸನ್ಸ್ ಹೋಟೆಲ್‌ನ ‘ಲುಂಗ್ ಕಿಂಗ್ ಹೀನ್’ ರೆಸ್ಟೋರೆಂಟಿನಲ್ಲಿ ಡಿಮ್ ಸಮ್ ಮಾಡುತ್ತಿದ್ದವರು. ಅಲ್ಲಿ ಮೇಜಿನ ಪಕ್ಕದ ದೊಡ್ಡ ಗಾಜಿನಾಚೆ ವಿಕ್ಟೋರಿಯಾ ಬಂದರಿನ ನೀರು ಕಾಣುತ್ತೆ. 2008ರ ಕೊನೆಗೆ ಹೊರಬಂದ ಮೊದಲ ಹಾಂಗ್‌ಕಾಂಗ್-ಮಕಾವ್ ಮಿಶೆಲಿನ್ ಗೈಡ್‌ನಲ್ಲಿ ಈ ಹೋಟೆಲಿಗೆ ಮೂರು ಸ್ಟಾರ್ ಸಿಕ್ಕಿತು. ಚೀನೀ ಅಡುಗೆಯ ರೆಸ್ಟೋರೆಂಟೊಂದಕ್ಕೆ ಮೂರು ಸ್ಟಾರ್ ಸಿಕ್ಕಿದ್ದು ಜಗತ್ತಿನಲ್ಲೇ ಅದು ಮೊದಲು.

ಮಾಕ್ ಅಲ್ಲಿಂದ ಹೊರಬಂದು 2009ರಲ್ಲಿ ಮಾಂಗ್ ಕಾಕ್ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ ‘ಟಿಮ್ ಹೋ ವಾನ್’ ಅನ್ನೋ ಪುಟ್ಟ ಅಂಗಡಿ ತೆರೆದರು. ಇಪ್ಪತ್ತು ಜನ ಕೂತರೆ ತುಂಬಿಹೋಗುವ ಜಾಗ. ಕಿಟಕಿಯಾಚೆ ಬಂದರು ಇಲ್ಲ, ಬೀದಿ ಅಷ್ಟೇ. ಮುಂದಿನ ವರ್ಷದ ಗೈಡ್‌ನಲ್ಲಿ ಅದಕ್ಕೂ ಒಂದು ಸ್ಟಾರ್ ಬಂತು. ಆದರೆ ತಿಂಡಿಯ ಬೆಲೆ ಸಾಮಾನ್ಯ ಜನ ಕೊಡಬಲ್ಲಷ್ಟೇ ಇತ್ತು.

ಅದೇ ಕೈ, ಅದೇ ಬಗೆಯ ತಿಂಡಿ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಆ ವ್ಯತ್ಯಾಸದಲ್ಲಿ ಒಳ್ಳೆ ಸಾಮಗ್ರಿ, ಮೇಜಿನ ಬಟ್ಟೆ, ಸೇವೆ, ಹೋಟೆಲಿನ ಹೆಸರು ಎಲ್ಲವೂ ಸೇರಿವೆ, ನಿಜ. ಇನ್ನೊಂದು ಮುಖ್ಯ ಬಾಬ್ತು ಬಿಲ್ಲಿನಲ್ಲಿ ಕಾಣಿಸಲ್ಲ: ನೀರಿನ ನೋಟ. ಹೋಟೆಲಿನವರು ತಯಾರಿಸದ, ಖರೀದಿಸದ, ಅವರದ್ದಲ್ಲದ ಒಂದು ವಸ್ತು ಅವರ ಬೆಲೆಯೊಳಗೆ ಸೇರಿಕೊಂಡಿದೆ.

ಕೊಪ್ಪಳ ಜಿಲ್ಲೆಯ ನಮಗೆ ಇದು ಎಲ್ಲೋ ದೂರದ ಶೋಕಿಯ ವಿಷಯ ಅಲ್ಲ. ತುಂಗಭದ್ರೆಯ ದಂಡೆಯಲ್ಲಿ ಇದೇ ನೋಟದ ವ್ಯಾಪಾರ ಮೂರು ದಶಕ ನಡೀತು. 2020ರ ಮಾರ್ಚ್‌ನಲ್ಲಿ ಜೆಸಿಬಿ ಬಂದು ಅದನ್ನು ನೆಲಸಮ ಮಾಡಿತು. ಆ ಕತೆ ಅರ್ಥ ಆಗಬೇಕಾದರೆ ಮೊದಲು ಡಿಮ್ ಸಮ್ ಏನು ಅಂತ ನೋಡೋಣ.

ಡಿಮ್ ಸಮ್ ಅಂದ್ರೆ ಚಾ ಜೊತೆಗಿನ ತಿಂಡಿ

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೇಳೋದು ‘ಚಾ ಕುಡೀತೀರೇನ್ರಿ?’ ಅಂತ. ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯಲ್ಲಿ ಡಿಮ್ ಸಮ್ ತಿನ್ನೋಕೆ ಹೋಗೋದನ್ನ ‘ಯಮ್ ಚಾ’ ಅಂತಾರೆ. ಅರ್ಥ: ಚಾ ಕುಡಿಯೋದು. ಆ ‘ಚಾ’, ಈ ‘ಚಾ’ ಎರಡೂ ಒಂದೇ ಬೇರಿನವು. ಪದ ಚೀನಾದಿಂದ ಹೊರಟು ದೇಶದಿಂದ ದೇಶಕ್ಕೆ ಸಾಗಿ ನಮ್ಮ ಬಾಯಿಗೆ ಬಂದಿದೆ.

ಗುವಾಂಗ್‌ಡಾಂಗ್ ಪ್ರಾಂತ್ಯದ ಚಹಾ ಮನೆಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಚಾ ಜೊತೆ ಕೊಡುವ ಸಣ್ಣ ಸಣ್ಣ ತಿಂಡಿಗಳೇ ಡಿಮ್ ಸಮ್. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಹಬೆ ಆಡುತ್ತಾ ಬರುತ್ತವೆ. ಒಂದೊಂದರಲ್ಲಿ ಮೂರೋ ನಾಲ್ಕೋ ಇರುತ್ತವೆ. ಗೋಧಿ ಪಿಷ್ಟದ ತೆಳು ಹಾಳೆಯೊಳಗೆ ಸೀಗಡಿ ಕಾಣಿಸುವ ‘ಹಾರ್ ಗೌ’. ತಲೆ ತೆರೆದ, ಹಂದಿ ಮಾಂಸದ ‘ಸಿಯು ಮಾಯ್’. ಬಿಳಿ ಬನ್ನಿನೊಳಗೆ ಸಿಹಿ ಮಿಶ್ರಿತ ಸುಟ್ಟ ಮಾಂಸದ ‘ಚಾ ಸಿಯು ಬಾವ್’. ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ ಸುತ್ತಿದ ‘ಚೆಯುಂಗ್ ಫನ್’. ಕೊನೆಯದನ್ನು ನೋಡಿದರೆ ನೀರುದೋಸೆ ತಿಂದವರಿಗೆ ಗುರುತು ಸಿಕ್ಕಂತಾಗುತ್ತೆ. ಯಾರಾದರೂ ನಿಮ್ಮ ಕಪ್ಪಿಗೆ ಚಾ ಹಾಕಿದರೆ ಬೆರಳ ತುದಿಯಿಂದ ಮೇಜು ತಟ್ಟಬೇಕು, ಅದೇ ಥ್ಯಾಂಕ್ಸ್.

ಇದು ಮೂಲತಃ ಶ್ರೀಮಂತರ ಊಟವಲ್ಲ. ದುಡಿಯುವವರು, ನಿವೃತ್ತರು, ಪೇಪರ್ ಓದುವ ಮುದುಕರು ಗಂಟೆಗಟ್ಟಲೆ ಕೂತು ಹರಟುವ ಜಾಗ. ಕೊಪ್ಪಳ, ಗಂಗಾವತಿಯ ಬಸ್‌ಸ್ಟ್ಯಾಂಡ್ ಎದುರು ಮಂಡಾಳ ಒಗ್ಗರಣಿ, ಮಿರ್ಚಿ, ಅರ್ಧ ಚಾ ಇಟ್ಟುಕೊಂಡು ರಾಜಕೀಯ ಮಾತಾಡ್ತಾರಲ್ಲ, ಆ ಜಾತಿಯದು.

ನಮ್ಮೂರುಗಳಲ್ಲಿ ‘ಚೈನೀಸ್’ ಅಂದ್ರೆ ಗೋಬಿ ಮಂಚೂರಿ. ಅದಕ್ಕೂ ಕ್ಯಾಂಟನ್‌ಗೂ ನೇರ ಸಂಬಂಧ ಇಲ್ಲ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬೈನಲ್ಲಿ ಮಾಡಿದ ಚಿಕನ್ ಮಂಚೂರಿಯೇ ಇದರ ಮೂಲ ಅಂತ ಸಾಮಾನ್ಯವಾಗಿ ಹೇಳ್ತಾರೆ. ಚಿಕನ್ ಜಾಗಕ್ಕೆ ಹೂಕೋಸು ಬಂತು, ತಳ್ಳುಗಾಡಿ ಹತ್ತಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದಾಗ ಎಲ್ಲರ ಕಣ್ಣು ಬಿದ್ದಿದ್ದು ಈ ತಳ್ಳುಗಾಡಿಗಳ ಮೇಲೆ. ನಿಷೇಧ ಸರಿಯೇ ಇತ್ತು, ಬಣ್ಣ ಅಪಾಯಕಾರಿ. ಆದರೆ ಆಹಾರದ ಕಾನೂನಾಗಲಿ, ಜಾಗದ ಕಾನೂನಾಗಲಿ, ಮೊದಲು ತಲುಪೋದು ಕೆಳಗಿನವರನ್ನೇ. ಇದು ಮುಂದೆ ಕೆಲಸಕ್ಕೆ ಬರುತ್ತೆ, ನೆನಪಿರಲಿ.

ನೋಟದ ಬಾಡಿಗೆ ಯಾರ ಜೇಬಿಗೆ?

ಕೆಲಸದ ಮೇಲೆ ಒಮ್ಮೆ ಹಾಂಗ್‌ಕಾಂಗ್‌ಗೆ ಹೋಗಿದ್ದೆ. ಬಂದರು ಕಾಣುವ ಒಂದು ಹೋಟೆಲಿನಲ್ಲಿ ಕಂಪನಿ ಖರ್ಚಿನಲ್ಲಿ ಡಿಮ್ ಸಮ್ ತಿಂದೆ. ಮರುದಿನ ಬೆಳಗ್ಗೆ ಗಲ್ಲಿಯೊಂದರ ಅಂಗಡಿಯಲ್ಲಿ ನನ್ನ ದುಡ್ಡಲ್ಲಿ ತಿಂದೆ. ಎರಡೂ ರುಚಿಯಾಗಿದ್ದವು. ಹೋಟೆಲಿನ ಒಂದು ಬುಟ್ಟಿಯ ಬೆಲೆಗೆ ಗಲ್ಲಿಯಲ್ಲಿ ಮೂರು ಬುಟ್ಟಿ ಬರುತ್ತಿತ್ತು. ಊರಿಗೆ ಬಂದು ಹಿಟ್ನಾಳದಲ್ಲಿ ನಮ್ಮ ದೊಡ್ಡವ್ವಗೆ ಫೋಟೋ ತೋರಿಸಿದೆ. ಆಕೆ ನೋಡಿ ಕೇಳಿದ್ದು ಒಂದೇ ಮಾತು: “ಹೊಳಿ ನೋಡಾಕ ರೊಕ್ಕ ಯಾಕ ಕೊಟ್ರೋ ತಮ್ಮಾ? ಹುಲಿಗಿಗೆ ಹೋದ್ರ ಪುಕ್ಕಟೆ ಕಾಣತೈತಲ್ಲ!”

ಅದು ಬಂದರು, ಹೊಳಿ ಅಲ್ಲ ಅಂತ ತಿದ್ದಬಹುದಿತ್ತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಹುಲಿಗೆಮ್ಮನ ಗುಡಿಗೆ ಹೋದವರು ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿ ಉಣ್ತಾರೆ. ನೀರಿನ ಪಕ್ಕದ ಆ ಊಟಕ್ಕೆ ಯಾರೂ ಬಿಲ್ ಕೊಡಲ್ಲ.

ಅರ್ಥಶಾಸ್ತ್ರದ ಉತ್ತರ ಸರಳ. ನೀರಿನ ಪಕ್ಕದ ಜಾಗ ಕಡಿಮೆ, ಬೇಕೆನ್ನುವವರು ಹೆಚ್ಚು. ಹಾಗಾಗಿ ಆ ಜಾಗದ ಬಾಡಿಗೆ ಏರುತ್ತೆ, ಬಾಡಿಗೆ ತಟ್ಟೆಯ ಬೆಲೆಗೆ ಸೇರುತ್ತೆ. ಆದರೆ ನೀರನ್ನು ಅಲ್ಲಿಟ್ಟವರು ಮಾಲೀಕರಲ್ಲ. ನೀರು ಶುದ್ಧವಾಗಿ ಉಳಿದಿದ್ದರೆ, ದಂಡೆ ಕುಸಿಯದೆ ಇದ್ದರೆ ಅದರ ಹಿಂದೆ ಸಾರ್ವಜನಿಕರ ತೆರಿಗೆ ಹಣ ಇದೆ, ಅಕ್ಕಪಕ್ಕದವರ ಶ್ರಮ ಇದೆ. ಮೌಲ್ಯ ಎಲ್ಲರೂ ಸೇರಿ ಹುಟ್ಟಿಸಿದ್ದು, ಬಾಡಿಗೆ ಮಾತ್ರ ಒಬ್ಬರ ಜೇಬಿಗೆ.

ಹಾಂಗ್‌ಕಾಂಗ್ ಜನರಿಗೆ ಇದು ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಿಂದಲೂ ಅಲ್ಲಿ ಬಂದರಿಗೆ ಮಣ್ಣು ತುಂಬಿ ಜಾಗ ಮಾಡಿ ಕಟ್ಟಡ ಕಟ್ಟುತ್ತಾ ಬಂದರು. ನೀರು ಕಿರಿದಾಗುತ್ತಾ ಹೋಯಿತು. 1995ರಲ್ಲಿ ವಕೀಲ ವಿನ್‌ಸ್ಟನ್ ಚೂ ಬಂದರು ರಕ್ಷಣಾ ಸೊಸೈಟಿ ಕಟ್ಟಿದರು. ಶಾಸಕಿ ಕ್ರಿಸ್ಟೀನ್ ಲೋ ಖಾಸಗಿ ಮಸೂದೆ ತಂದರು. 1997ರ ಜೂನ್ ಕೊನೆಗೆ, ಬ್ರಿಟಿಷರು ಊರು ಬಿಡಲು ಕೆಲವೇ ದಿನ ಇದ್ದಾಗ, ಬಂದರು ರಕ್ಷಣಾ ಕಾನೂನು ಪಾಸಾಯಿತು. ಬಂದರು ಹಾಂಗ್‌ಕಾಂಗ್ ಜನರ ವಿಶೇಷ ಸಾರ್ವಜನಿಕ ಆಸ್ತಿ, ನೈಸರ್ಗಿಕ ಪರಂಪರೆ ಅಂತ ಆ ಕಾನೂನಿನಲ್ಲೇ ಬರೆದಿದೆ. 2004ರ ಜನವರಿಯಲ್ಲಿ ಅಲ್ಲಿನ ಅಂತಿಮ ಮೇಲ್ಮನವಿ ನ್ಯಾಯಾಲಯ ಇನ್ನೂ ಬಿಗಿಯಾಗಿ ಹೇಳಿತು: ಎಲ್ಲವನ್ನೂ ಮೀರಿದ ಸಾರ್ವಜನಿಕ ಅಗತ್ಯ ಇದ್ದರೆ ಮಾತ್ರ ಬಂದರಿಗೆ ಮಣ್ಣು ತುಂಬಬಹುದು.

ಇನ್ನೂ ಒಂದು ವಿಷಯ ಇದೆ. ಐಷಾರಾಮಿ ಮೇಜಿನಿಂದ ಕಾಣುವ ಅದೇ ನೀರನ್ನು ಸ್ಟಾರ್ ಫೆರ್ರಿಯ ದೋಣಿಯಲ್ಲಿ ಕೆಲವೇ ಡಾಲರಿಗೆ ದಾಟಬಹುದು. 1966ರಲ್ಲಿ ಆ ದೋಣಿಯ ಮೊದಲ ದರ್ಜೆಯ ಟಿಕೆಟ್ ಬರೀ 5 ಸೆಂಟ್ ಏರಿಸಲು ಹೊರಟಾಗ ಒಬ್ಬ ಯುವಕ ದೋಣಿಕಟ್ಟೆಯಲ್ಲಿ ಉಪವಾಸ ಕೂತ. ಅದು ಬೀದಿ ಗಲಭೆಯವರೆಗೆ ಹೋಯಿತು. ದಂಡೆಯುದ್ದಕ್ಕೂ ಯಾರು ಬೇಕಾದರೂ ನಡೆಯಬಹುದಾದ ಹಾದಿ ಇವತ್ತಿಗೂ ಇದೆ. ಅಂದ್ರೆ ದುಬಾರಿ ಮೇಜು ಇರುವುದೇ ಅಲ್ಲಿನ ಅನ್ಯಾಯ ಅಲ್ಲ. ದುಡ್ಡಿಲ್ಲದವರಿಗೂ ಆ ನೀರು ಸಿಗ್ತಾ ಇದೆಯಾ ಅನ್ನೋದು ಪರೀಕ್ಷೆ.

ಜಂಬೋ ಮುಳುಗಿದ ಕತೆ

ಅದೇ ಊರಿನ ಅಬರ್ಡೀನ್ ಬಂದರಿನಲ್ಲಿ ‘ಜಂಬೋ’ ಅನ್ನೋ ತೇಲುವ ಕ್ಯಾಂಟನೀಸ್ ರೆಸ್ಟೋರೆಂಟ್ ಇತ್ತು. 1976ರಲ್ಲಿ ತೆರೆದದ್ದು. ಅರಮನೆಯಂತೆ ಬಣ್ಣ, ದೀಪ, ಡ್ರ್ಯಾಗನ್. ಅಬರ್ಡೀನ್ ಮೂಲತಃ ತಂಕಾ ಎಂಬ ಮೀನುಗಾರ ಸಮುದಾಯದ ನೆಲೆ. ದೋಣಿಯಲ್ಲೇ ಹುಟ್ಟಿ, ದೋಣಿಯಲ್ಲೇ ಸಂಸಾರ ಮಾಡಿದ ಜನ. ಅವರ ಮದುವೆ ಊಟಕ್ಕೆಂದು ಇದ್ದ ಭೋಜನದ ದೋಣಿಗಳೇ ತೇಲುವ ರೆಸ್ಟೋರೆಂಟುಗಳ ಮೂಲ. ಮುಂದೆ ಪ್ರವಾಸಿಗರು ಬಂದರು, ದೋಣಿ ಅರಮನೆ ಆಯಿತು. ತಂಕಾ ಜನ ಬಹುಪಾಲು ದಡದ ಮೇಲಿನ ಸರ್ಕಾರಿ ವಸತಿಗೆ ಹೋದರು.

2020ರಲ್ಲಿ ಕೋವಿಡ್‌ನಿಂದ ಜಂಬೋ ಬಾಗಿಲು ಮುಚ್ಚಿತು. 2022ರ ಜೂನ್‌ನಲ್ಲಿ ಅದನ್ನು ಬೇರೆಡೆಗೆ ಎಳೆದೊಯ್ಯುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಮಗುಚಿಬಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ದೋಣಿಯ ಮೂಲದವರ ಬಗ್ಗೆ ಬಂದದ್ದು ಒಂದೆರಡು ಸಾಲು. ನೀರಿನ ಪಕ್ಕದ ವ್ಯಾಪಾರದಲ್ಲಿ ಹೀಗೆ ಆಗುತ್ತಲೇ ಇರುತ್ತೆ. ಮೊದಲು ಅಲ್ಲಿ ಬದುಕಿದವರು ಹಿನ್ನೆಲೆಗೆ ಸರೀತಾರೆ, ಕೊನೆಗೆ ಲೆಕ್ಕದಿಂದಲೇ ಬಿಟ್ಟುಹೋಗ್ತಾರೆ.

ಈಗ ನಮ್ಮ ಹೊಳೆಗೆ ಬರೋಣ.

ಗಡ್ಡಿಯಲ್ಲಿ ಏನಾಗಿತ್ತು?

ಹಿಟ್ನಾಳದಿಂದ ಸಾಣಾಪುರ, ಆನೆಗುಂದಿ ಕಡೆ ಹೋಗುವ ದಾರಿಯಲ್ಲಿ ಒಂದು ಬದಿ ಬಂಡೆಗುಡ್ಡ, ಇನ್ನೊಂದು ಬದಿ ಭತ್ತದ ಗದ್ದೆ, ನಡುವೆ ತುಂಗಭದ್ರಾ ಎಡದಂಡೆ ಕಾಲುವೆ. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಂಡೆಗೆ, ಗಂಗಾವತಿ ತಾಲ್ಲೂಕಿಗೆ ಸೇರಿದ ನಡುಗಡ್ಡೆಯೇ ವಿರುಪಾಪುರ ಗಡ್ಡಿ. ವಿದೇಶಿಯರ ಬಾಯಲ್ಲಿ ‘ಹಿಪ್ಪಿ ಐಲ್ಯಾಂಡ್’.

ಅಲ್ಲಿನ ಹೋಟೆಲುಗಳಲ್ಲಿ ನೆಲದ ಮೇಲೆ ಹಾಸಿಗೆ, ಗಿಡ್ಡ ಮೇಜು. ಎದುರಿಗೆ ಗದ್ದೆ, ಹೊಳೆ, ಆಚೆ ದಂಡೆಯ ಗೋಪುರ. ಮೆನುವಿನಲ್ಲಿ ಇಸ್ರೇಲಿನ ಹಮ್ಮುಸ್, ಶಕ್ಷೂಕಾ, ಫಲಾಫೆಲ್, ಇಟಲಿಯ ಪಿಜ್ಜಾ, ಟಿಬೆಟಿನ ಮೊಮೊ. ಹಬೆಯಲ್ಲಿ ಬೇಯಿಸಿದ ಮೊಮೊ ನಮ್ಮ ಜಿಲ್ಲೆಗೆ ಬಂದ, ಡಿಮ್ ಸಮ್‌ನ ದೂರದ ನೆಂಟ ಅನ್ನಬಹುದು. ಐದು ಸ್ಟಾರ್ ಹೋಟೆಲಲ್ಲ ಇವು, ಶೆಡ್ಡುಗಳು, ಗುಡಿಸಲುಗಳು, ಒಂದಿಷ್ಟು ಕಾಂಕ್ರೀಟು ಕೋಣೆಗಳು. ಆದರೆ ಮಾರುತ್ತಿದ್ದ ಸರಕು ಲುಂಗ್ ಕಿಂಗ್ ಹೀನ್ ಮಾರುವುದೇ: ನೀರಿನ ನೋಟ.

ಅಡುಗೆ, ಪಾತ್ರೆ, ಬಟ್ಟೆ ಒಗೆಯೋದು, ದೋಣಿ, ಹರಗೋಲು, ಬಾಡಿಗೆ ಮೊಪೆಡ್ಡು, ಹೀಗೆ ಸುತ್ತಲಿನ ಹಳ್ಳಿಗಳ ಹುಡುಗರು, ಹೆಣ್ಮಕ್ಕಳು ಇದರ ಮೇಲೆ ಬದುಕು ಕಟ್ಟಿದ್ದರು. ಜೊತೆಗೆ ದೂರುಗಳೂ ಇದ್ದವು: ಗಾಂಜಾ, ಅಕ್ರಮ ಕಟ್ಟಡ, ಗದ್ದೆಯನ್ನು ನುಂಗಿದ ರೆಸಾರ್ಟು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಕತೆ ಅರ್ಧ ಆಗುತ್ತೆ.

2019ರ ಆಗಸ್ಟ್‌ನಲ್ಲಿ ಅಣೆಕಟ್ಟಿನಿಂದ ಭಾರೀ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಗಡ್ಡಿಯಲ್ಲಿ ಸಿಕ್ಕಿಹಾಕಿಕೊಂಡರು. ದೋಣಿ, ಹೆಲಿಕಾಪ್ಟರ್ ಬಳಸಿ ಹೊರತರಬೇಕಾಯಿತು. ರಕ್ಷಣೆಗೆ ಹೋದ ದೋಣಿಯೇ ಮಗುಚಿ ಸಿಬ್ಬಂದಿ ನೀರುಪಾಲಾಗುವುದರಿಂದ ಸ್ವಲ್ಪದರಲ್ಲಿ ಪಾರಾದರು. ನೋಟ ಅಂದುಕೊಂಡದ್ದು ನದಿ ಅನ್ನೋದು ಆವಾಗ ಎಲ್ಲರಿಗೂ ನೆನಪಾಯಿತು.

ಕೋರ್ಟು ಹೇಳಿದ್ದೇನು?

ಕ್ರಮವಾಗಿ ನೋಡೋಣ.

1986ರಲ್ಲಿ ಹಂಪಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1988ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸುತ್ತಲಿನ ಪ್ರದೇಶವನ್ನು ಸಂರಕ್ಷಿತ ಅಂತ ಅಧಿಸೂಚನೆ ಹೊರಡಿಸಿತು. ಹೊಳೆಗೆ ಸೇತುವೆ ಕಟ್ಟುವ ಕೆಲಸ ನಡೆದಿದ್ದರಿಂದ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ಆನೆಗುಂದಿಯ ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಈ ನಡುವೆ 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಎರಡೂ ದಂಡೆಯ ಹಳ್ಳಿಗಳು ಅದರ ಕೈಕೆಳಗೆ ಬಂದವು.

2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕುತ್ತಿದ್ದ ನೂರಾರು ಕುಟುಂಬಗಳ ಮನೆ, ಅಂಗಡಿ ಒಡೆದುಹಾಕಿದರು. ಗಡ್ಡಿಯವರ ಕೇಸು ಕೋರ್ಟಿನಲ್ಲಿತ್ತು. 2015ರಲ್ಲಿ ಹೈಕೋರ್ಟ್ ತೆರವು ಎತ್ತಿಹಿಡಿಯಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಾಯಂ ಮಾಡಿ, ಒಂದು ತಿಂಗಳೊಳಗೆ ಕಟ್ಟಡ ತೆಗೆಯಿರಿ ಅಂತ ಹೇಳಿತು.

ಹೋಟೆಲಿನವರ ಮುಖ್ಯ ವಾದ: 1988ರ ಅಧಿಸೂಚನೆ ಸ್ಮಾರಕಗಳಿಗೆ ಮಾತ್ರ, ಇಡೀ ಗಡ್ಡಿಗೆ ಅಲ್ಲ. ಕೋರ್ಟ್ ಒಪ್ಪಲಿಲ್ಲ. ಇಡೀ ಗಡ್ಡಿ ಸಂರಕ್ಷಿತ ಪ್ರದೇಶದೊಳಗಿದೆ, ಅಲ್ಲಿ ಉಳುಮೆ ಮಾಡಬಹುದು, ಆದರೆ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ ಅಂದಿತು. ಭೂಮಿ ನಿಮ್ಮ ಹೆಸರಿನಲ್ಲೇ ಇರಬಹುದು, ಅದರ ಮೇಲೆ ಏನು ಬೇಕಾದರೂ ಮಾಡುವ ಹಕ್ಕು ಅದರ ಜೊತೆ ಬರಲ್ಲ ಅನ್ನೋದು ಇದರ ತಾತ್ಪರ್ಯ. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ಮೂರು ವಾರದ ಬಳಿಕ ದೇಶವೇ ಲಾಕ್‌ಡೌನ್ ಆಯಿತು. ಕೆಲಸ ಕಳೆದುಕೊಂಡವರಿಗೆ ಬೇರೆಲ್ಲೂ ಕೆಲಸ ಇರಲಿಲ್ಲ.

ಈ ತೀರ್ಪಿನ ಹಿಂದೆ ಇನ್ನೂ ಹಳೆಯ ಒಂದು ತತ್ವ ಇದೆ. ಹಿಮಾಚಲದ ಬಿಯಾಸ್ ನದಿಯ ದಂಡೆಯಲ್ಲಿ ಸ್ಪ್ಯಾನ್ ಮೋಟೆಲ್ಸ್ ಎಂಬ ಕಂಪನಿಯ ರೆಸಾರ್ಟ್ ಇತ್ತು. ಪರಿಸರ ಸಚಿವರಾಗಿದ್ದ ಕಮಲ್ ನಾಥ್ ಅವರ ಕುಟುಂಬಕ್ಕೆ ಅದರ ಜೊತೆ ನಂಟಿತ್ತು. ಪ್ರವಾಹದಿಂದ ತಮ್ಮ ಆಸ್ತಿ ಉಳಿಸಿಕೊಳ್ಳಲು ನದಿಯ ಹರಿವನ್ನೇ ತಿರುಗಿಸಲು ಹೊರಟರು. 1996ರಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆ ರದ್ದು ಮಾಡಿ, ಭಾರತದ ಕಾನೂನಿಗೆ ‘ಸಾರ್ವಜನಿಕ ನಂಬಿಕೆ ನಿಕ್ಷೇಪ’ದ ತತ್ವ ತಂದಿತು. ಅಂದ್ರೆ ನದಿ, ಕಡಲದಂಡೆ, ಕಾಡು ಸರ್ಕಾರದ ಆಸ್ತಿಯಲ್ಲ. ಜನರ ಪರವಾಗಿ ಸರ್ಕಾರ ಕಾಯ್ದುಕೊಂಡಿರುವ ಠೇವಣಿ. ಠೇವಣಿ ಕಾಯುವವನು ಅದನ್ನು ಯಾರಿಗೋ ಮಾರುವಂತಿಲ್ಲ.

ಈ ತತ್ವ ದಂಡೆಯ ಗುಡಿಸಲಿಗೂ ಅನ್ವಯಿಸುತ್ತೆ, ಐದು ಸ್ಟಾರ್ ಹೋಟೆಲಿಗೂ ಅನ್ವಯಿಸುತ್ತೆ, ಸರ್ಕಾರಕ್ಕೂ ಅನ್ವಯಿಸುತ್ತೆ. ಕಾಗದದ ಮೇಲೆ.

ದೊಡ್ಡವರು ಬಂದಾಗ

ಬೆಂಗಳೂರಿನ ಕೆರೆಗಳನ್ನು ತಗೊಳ್ಳಿ. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಹೆಬ್ಬಾಳ ಕೆರೆ ಒಬೆರಾಯ್ ಸಮೂಹದ ಈಸ್ಟ್ ಇಂಡಿಯಾ ಹೋಟೆಲ್ಸ್‌ಗೆ, ನಾಗವಾರ ಕೆರೆ ಲುಂಬಿನಿ ಗಾರ್ಡನ್ಸ್‌ಗೆ, ಅಗರ ಕೆರೆ ಬಯೋಟಾ ಕಂಪನಿಗೆ. ಮೀನು ಹಿಡಿಯುವವರು, ದನ ಮೇಯಿಸುವವರು, ಬಟ್ಟೆ ಒಗೆಯುವವರು ಬಳಸುತ್ತಿದ್ದ ಕೆರೆ ಹೀಗೆ ಹೋಟೆಲು, ಪಾರ್ಕು ಕಂಪನಿಗಳ ಕೈಗೆ ಹೋಯಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹೈಕೋರ್ಟಿಗೆ ಹೋಯಿತು, 2012ರಲ್ಲಿ ಕೆರೆ ರಕ್ಷಣೆಯ ಪರ ಆದೇಶ ಪಡೆಯಿತು. ಇಲ್ಲಿ ಗಮನಿಸಿ: ಗಡ್ಡಿಯಲ್ಲಿ ಸಣ್ಣವರು ಅನುಮತಿ ಇಲ್ಲದೆ ಕಟ್ಟಿದರು. ಹೆಬ್ಬಾಳದಲ್ಲಿ ಸರ್ಕಾರವೇ ಕರೆದು ಗುತ್ತಿಗೆ ಕೊಟ್ಟಿತು. ಕಾನೂನು ಉಲ್ಲಂಘನೆ ಅನ್ನಿಸಿಕೊಂಡದ್ದು ಮೊದಲನೆಯದು, ಅಭಿವೃದ್ಧಿ ಅನ್ನಿಸಿಕೊಂಡದ್ದು ಎರಡನೆಯದು.

ಇನ್ನೊಂದು ಹೋಲಿಕೆ. ಗಡ್ಡಿ ಕೆಡವುವ ಎರಡು ತಿಂಗಳು ಮೊದಲು, 2020ರ ಜನವರಿಯಲ್ಲಿ, ಕೊಚ್ಚಿಯ ಮರಡು ಹಿನ್ನೀರಿನ ದಂಡೆಯ ನಾಲ್ಕು ಐಷಾರಾಮಿ ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ ಸ್ಫೋಟಿಸಿದರು. ಅವು ಕರಾವಳಿ ನಿಯಂತ್ರಣ ವಲಯದ ನಿಯಮ ಮುರಿದಿದ್ದವು. ಫ್ಲ್ಯಾಟ್ ಕೊಂಡವರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಕೋರ್ಟೇ ದಾರಿ ಮಾಡಿತ್ತು. ಅವರು ತಿಳಿಯದೆ ಮೋಸ ಹೋದ ಖರೀದಿದಾರರು, ಪರಿಹಾರ ನ್ಯಾಯವೇ. ಗಡ್ಡಿಯ ಮಾಲೀಕರ ಸ್ಥಿತಿ ಬೇರೆ, ಕಟ್ಟಿದವರೇ ಅವರು. ಆದರೆ ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಮಗಳು ಮಾಲೀಕಳೂ ಅಲ್ಲ, ಕೋರ್ಟಿನ ಕಕ್ಷಿದಾರಳೂ ಅಲ್ಲ. ಆಕೆಯ ಹೆಸರು ಯಾವ ಅರ್ಜಿಯಲ್ಲೂ ಬರುವುದಿಲ್ಲ.

ನಂತರ ಏನಾಯ್ತು? ವ್ಯಾಪಾರ ಸಾಯಲಿಲ್ಲ, ಸರಿಯಿತು. ಸಾಣಾಪುರ, ಆನೆಗುಂದಿ, ಹನುಮನಹಳ್ಳಿ ಸುತ್ತ ಹೋಮ್‌ಸ್ಟೇಗಳು ಎದ್ದವು. 2022ರ ರಾಜ್ಯ ಬಜೆಟ್‌ನಲ್ಲಿ ಅದೇ ಸೀಮೆಯ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ಪ್ರವಾಸಿ ಮಹಿಳೆ ಮತ್ತು ಹೋಮ್‌ಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು, ಜೊತೆಗಿದ್ದ ಯುವಕನನ್ನು ಕಾಲುವೆಗೆ ತಳ್ಳಿ ಕೊಂದರು. ಸಂತ್ರಸ್ತರ ನೋವು ಎಲ್ಲಕ್ಕಿಂತ ಮೊದಲು. ಆ ಘಟನೆ ಇನ್ನೊಂದನ್ನೂ ತೋರಿಸಿತು: ನಿಯಮವಿಲ್ಲದ ಕಡೆ ಭದ್ರತೆಯೂ ಇರಲ್ಲ. ಅರ್ಧ ಕಣ್ಣುಮುಚ್ಚಿ ನಡೆಯಬಿಡುವುದು, ಸುದ್ದಿಯಾದಾಗ ಎಲ್ಲ ಬಂದ್ ಮಾಡುವುದು, ಇದು ಆಡಳಿತವಲ್ಲ.

ಹಾಗಾದ್ರೆ ಗಡ್ಡಿ ಕೆಡವಿದ್ದು ತಪ್ಪಾ?

ನನ್ನ ಉತ್ತರ: ಕಟ್ಟಡ ತೆಗೆದಿದ್ದು ತಪ್ಪಲ್ಲ. ಹೊಳೆ ಯಾರಪ್ಪನದೂ ಅಲ್ಲ, ಗಡ್ಡಿಯ ಹೋಟೆಲ್ ಮಾಲೀಕರದ್ದೂ ಅಲ್ಲ. ಪ್ರವಾಹ ಬರುವ ನಡುಗಡ್ಡೆಯಲ್ಲಿ ಕೋಣೆ ಕಟ್ಟಿ ಜನರನ್ನು ಮಲಗಿಸುವುದು ಅಪಾಯ. ಪರಂಪರೆ ಅನ್ನೋದು ಬರೀ ಕಲ್ಲಿನ ಕಂಬವಲ್ಲ. ಗದ್ದೆ, ಕಾಲುವೆ, ಹೊಳೆ ಸೇರಿದ್ದು. ವಿಜಯನಗರ ಕಾಲದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಹೊಲಕ್ಕೆ ನೀರು ಹಾಯಿಸುತ್ತಿವೆ.

ತಪ್ಪು ಇರುವುದು ಅದಕ್ಕೆ ಮೊದಲಿನ ಮೂವತ್ತು ವರ್ಷದಲ್ಲಿ ಮತ್ತು ನಂತರದ ದಿನಗಳಲ್ಲಿ. 1988ರ ಅಧಿಸೂಚನೆ ಇದ್ದೂ ಕಟ್ಟಲು ಬಿಟ್ಟವರು ಯಾರು? ವಿದ್ಯುತ್ ಸಂಪರ್ಕ ಕೊಡುವಾಗ, ತೆರಿಗೆ ತಗೊಳ್ಳುವಾಗ ಆ ಅಧಿಸೂಚನೆ ಯಾರಿಗೂ ನೆನಪಾಗಲಿಲ್ಲವೇ? ದುಡಿದವರಿಗೆ ಬದಲಿ ಏನು ಅನ್ನೋ ಯೋಜನೆ ಕೆಡವುವ ಮೊದಲೇ ಇರಬೇಕಿತ್ತಲ್ಲವೇ? ಇದೇ ಸೀಮೆಯಲ್ಲಿ, ನಿಷೇಧಿತ ವಲಯದ ಹೊರಗೆ ಜಾಗ ಕೊಂಡು, ನಕ್ಷೆ ಪಾಸು ಮಾಡಿಸಿಕೊಳ್ಳುವ ಶಕ್ತಿ ಇದ್ದವರ ಐಷಾರಾಮಿ ರೆಸಾರ್ಟುಗಳು ಕಾನೂನುಬದ್ಧವಾಗಿ ನಡೆಯುತ್ತವೆ. ಅದರಲ್ಲಿ ಅಕ್ರಮ ಏನಿಲ್ಲ. ಆದರೆ ನಿಯಮ ಪಾಲಿಸಲು ಬೇಕಾದ ಬಂಡವಾಳವೇ ಕೆಲವರಿಗೆ ಮಾತ್ರ ಇದ್ದರೆ, ಸಮಾನ ಕಾನೂನಿನ ಫಲ ಸಮಾನವಾಗಿರಲ್ಲ. ಸಣ್ಣವರನ್ನು ತೆಗೆದ ಜಾಗದ ಪಕ್ಕ ದೊಡ್ಡವರ ನೋಟದ ಬೆಲೆ ಇನ್ನಷ್ಟು ಏರುತ್ತೆ.

ನೀರಿನ ಹಿಂದೆ ಇನ್ನೂ ಒಂದು ಸಾಲ ಇದೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನಡಿ ನಾರಾಯಣದೇವರಕೆರೆಯಂಥ ದೊಡ್ಡ ಊರೂ ಸೇರಿ ಹತ್ತಾರು ಹಳ್ಳಿಗಳು ಮುಳುಗಿದವು. ನಮ್ಮ ದೊಡ್ಡವ್ವನ ತವರಿನ ಹಿರೀಕರ ಹೊಲವೂ ಆ ಹಿನ್ನೀರಿನೊಳಗಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ನೀರು ಹರಿದುಹೋದಾಗ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರು ಎರಡನೇ ಬೆಳೆಯ ಚಿಂತೆಯಲ್ಲಿ ನಿದ್ದೆಗೆಟ್ಟರು. ಈ ಹೊಳೆಯ ನೋಟಕ್ಕೆ ಬೆಲೆ ಕಟ್ಟುವಾಗ ಈ ಜನರ ಪಾಲೂ ಅದರಲ್ಲಿದೆ.

ನಾವು ಏನು ಕೇಳಬಹುದು?

ಕಡಲಿಗೆ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ. ನದಿಗಳಿಗೆ ಅಂಥದೇ ರಾಷ್ಟ್ರಮಟ್ಟದ ನಿಯಂತ್ರಣ ವಲಯದ ಮಾತು ಕರಡಿನಲ್ಲೇ ಉಳಿದಿದೆ. ಹಾಗಾಗಿ ಹೊಳೆದಂಡೆ, ಕೆರೆದಂಡೆಯಲ್ಲಿ ಯಾವ ಯೋಜನೆ ಬಂದರೂ, ಅದು ಸರ್ಕಾರದ್ದಿರಲಿ, ಖಾಸಗಿಯದ್ದಿರಲಿ, ಸ್ಥಳೀಯರು ನಾಲ್ಕು ಪ್ರಶ್ನೆ ಕೇಳಬೇಕು.

ಒಂದು: ದುಡ್ಡಿಲ್ಲದವರಿಗೆ ನೀರಿನವರೆಗೆ ಹೋಗಲು ದಾರಿ ಉಳಿಯುತ್ತಾ? ಬೇಲಿ ಎಲ್ಲಿ ಬರುತ್ತೆ, ಗೇಟು ಎಲ್ಲಿ?

ಎರಡು: ದಂಡೆಯನ್ನು ಇವತ್ತು ಬಳಸುತ್ತಿರುವವರು, ಮೀನು ಹಿಡಿಯುವವರು, ಹರಗೋಲು ಹಾಕುವವರು, ದನ ಕುಡಿಸುವವರು, ಹೊಲ ಮಾಡುವವರು, ಇವರ ಪಟ್ಟಿ ಯೋಜನೆಯ ಕಾಗದದಲ್ಲಿ ಇದೆಯಾ?

ಮೂರು: ನೋಟದಿಂದ ಬರುವ ಆದಾಯದಲ್ಲಿ ಗ್ರಾಮ ಪಂಚಾಯಿತಿಗೆ ಎಷ್ಟು? ಕೆಲಸ ಸಿಗುವುದು ಸ್ಥಳೀಯರಿಗಾ, ಬರೀ ಕಾವಲುಗಾರನ ಕೆಲಸವಾ?

ನಾಲ್ಕು: ನಾಳೆ ಕೋರ್ಟು ಅಕ್ರಮ ಅಂದರೆ, ಅನುಮತಿ ಕೊಟ್ಟ ಅಧಿಕಾರಿ ಯಾರು, ಕೆಲಸ ಕಳೆದುಕೊಳ್ಳುವವರಿಗೆ ಹೊಣೆ ಯಾರು?

ಹಂಪಿ ಪ್ರಾಧಿಕಾರದ ವ್ಯಾಪ್ತಿಯ ಹಳ್ಳಿಯವರಾದರೆ ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ, ಅಲ್ಲಿ ಏನು ಕಟ್ಟಬಹುದು ಅಂತ ಮಾಹಿತಿ ಹಕ್ಕಿನಡಿ ಕನ್ನಡದಲ್ಲೇ ಕೇಳಿ. 10 ರೂಪಾಯಿಯ ಅರ್ಜಿ. ಉತ್ತರ ಬಂದರೆ ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ. ಗಡ್ಡಿಯ ಹೋಟೆಲು ಕಟ್ಟುವ ಮೊದಲು 1988ರ ಆ ಅಧಿಸೂಚನೆಯನ್ನು ಯಾರಾದರೂ ಹೀಗೆ ಗ್ರಾಮಸಭೆಯಲ್ಲಿ ಜೋರಾಗಿ ಓದಿದ್ದರೆ, ಎಷ್ಟೋ ಮಂದಿ ಸಾಲ ಮಾಡಿ ಶೆಡ್ಡು ಹಾಕುವ ಮೊದಲು ಯೋಚಿಸುತ್ತಿದ್ದರು.